ಬಾವಿ ದಂಡಿಯ ತಗಡಿನ ಬೊಂಬಿ

ಕಂದೀಲು ಸಣ್ಣ ಮಾಡ್ರಿ. ನಗೂದಿದ್ರ ಈಗ ನಕ್ಕುಬಿಡ್ರಿ, ಆಮ್ಯಾಲ ನಗಬ್ಯಾಡ್ರಿ. ಇದು ನಮ್ಮ ಕಾಕಾನ ಮಗ ಗದ್ದೆಪ್ಪಗ ಆದದ್ದು. ಎಂಬತ್ತೈದನೇ ಇಸವಿ, ಮಾನ್ವಿ.

ಹತ್ತಿ ಮಿಲ್ಲಿನ ಹಿಂದ ಒಂದು ಹಾಳುಬಾವಿ. ಆ ವರ್ಷದ ಮಳಿಗೆ ಅದರ ದಂಡಿ ಕುಸಿದು, ಕಾಲುದಾರಿ ಅರ್ಧ ಬಾವಿಯೊಳಗ ಹೋಗಿತ್ತು. ಒಂದಿಷ್ಟು ಜಾಲಿಮುಳ್ಳು ತಂದು ಒಗದಿದ್ರ ಸಾಕಿತ್ತು! ಅಷ್ಟರಾಗ ಎಲ್ಲಿಂದಲೋ ದೊಡ್ಡ ಓದಿನ ಸಾಹೇಬ ಬಂದ. ಮನಷ್ಯಾನಂಗ ಕಾಣೋ ತಗಡಿನ ಬೊಂಬಿ ನಿಲ್ಲಿಸಿದ. ಹೊಟ್ಟ್ಯಾಗ ಟೇಪು. ದಾರಿಗೆ ಕಟ್ಟಿದ ತಂತಿ ಕಾಲಿಗೆ ತಾಕಿದ್ರ ಮಾತಾಡ್ತಿತ್ತು. ಯಂತ್ರ ಯಾವ ಥರ ಮಾತಾಡಿದ್ರ ಜನ ನಂಬ್ತಾರ, ಅದನ್ನ ನೋಡಬೇಕಾಗಿತ್ತಂತ ಅವಗ.

ಮೊದಲು ಪುಸ್ತಕದ ಭಾಷೆ. "ದಯವಿಟ್ಟು ನಿಲ್ಲಿ. ಮುಂದೆ ಅಪಾಯವಿದೆ." ಜನ ಹೊಟ್ಟಿ ಹಿಡಕೊಂಡು ನಕ್ಕರು. ಆಮ್ಯಾಲ ಊರ ಹೆಣ್ಮಗಳ ದನಿ ಬೇಕಂದ. ಗದ್ದೆಪ್ಪನ ಹೆಂಡ್ತಿ ಯಮನಮ್ಮನ ಕಡಿಂದ ಮಾತಾಡಿಸಿ ಟೇಪಿನ್ಯಾಗ ತುಂಬಿಕೊಂಡ. "ಯಾರಿಗೂ ಹೇಳಬೇಡಮ್ಮ, ಪರೀಕ್ಷೆ ಕೆಡುತ್ತೆ" ಅಂದ. ಆಕಿ ಹೇಳಲಿಲ್ಲ. ಗದ್ದೆಪ್ಪ ರಾಯಚೂರಾಗ ಗೋಡಿ ಕಟ್ಟೋ ಗೌಂಡಿ ಕೆಲಸಕ್ಕಿದ್ದ. ಅವಗ ಬಾವಿ ಕುಸಿದದ್ದೂ ಗೊತ್ತಿಲ್ಲ, ಬೊಂಬಿನೂ ಗೊತ್ತಿಲ್ಲ.

ಕಡೀ ಬಸ್ಸಿಗೆ ಬಂದು ಅದೇ ಕಾಲುದಾರಿ ಹಿಡದ. ಜೊತಿಗೆ ಅವನಂಗ ರಾಯಚೂರಾಗ ದುಡಿಯೋ ಬಾಜೂಮನಿ ಪೀರಾ ಸಾಬ್. ಅಮಾಸಿ ಕತ್ತಲ. ಚಪ್ಪಲಿ ಸಪ್ಪಳ... ಚರ್... ಚರ್... ಪೀರಾ ಸಾಬನ ಚಪ್ಪಲಿ ಉಂಗುಟ ಕಿತ್ತು, ಆಂವ ಹಿಂದ ಉಳದ. ಗದ್ದೆಪ್ಪನ ಕಾಲಿಗೆ ಏನೋ ತಾಕಿತು. ಟಕ್... ಕಿರ್ರ್...

"ಯಪ್ಪಾ... ನಿಲ್ಲು... ಆ ಕಡಿ ಹೋಗಬ್ಯಾಡ..."

ಯಮನಮ್ಮನ ದನಿ. ನಡುರಾತ್ರಿ. ಬಾವಿ ಬಾಜೂಕ.

ನಮ್ಮಾಗ ಏನು ಪದ್ಧತಿ? ರಾತ್ರಿ ಒಂದೇ ಸಲ ಕರದ್ರ ಓಗೊಡಬಾರದು. ನಿಲ್ಲಬಾರದು, ಹೊಳ್ಳಿ ನೋಡಬಾರದು. ಮನಿಯವರ ದನಿ ಇದ್ರಂತೂ ಇನ್ನೂ ಜೋರು ನಡೀಬೇಕು. ದೆವ್ವ ಹಂಗೇ ಕರೀತದ. ಇದು ಕೂಸಿಗೂ ಗೊತ್ತು. ಆ ಸಾಹೇಬ ನಮ್ಮಾಗ ಒಬ್ಬರನ್ನರ ಕೇಳಿದ್ನಾ?

"ಸಾಬ್... ನಿಲ್ಲಬ್ಯಾಡ," ಗದ್ದೆಪ್ಪ ಪಿಸುಗುಟ್ಟಿದ. "ಆಕಿ ಅಲ್ಲ ಅದು..."

"ತಡೀಲೇ ಗದ್ದ್ಯಾ..."

ಓಡೋ ಸಪ್ಪಳ. ಮಣ್ಣು ಜಾರಿದ ಸಪ್ಪಳ... ಧುಡುಮ್.

ಮುಂಜಾನಿ ಗದ್ದೆಪ್ಪನ ಹೆಣ ತಗದ್ವಿ. ಯಮನಮ್ಮ ಎದಿ ಬಡಕೊಂಡು, "ನನ್ನ ದನೀನೇ ಕೊಂದಿತಲ್ಲೋ" ಅಂತ ಅಳಾಕತ್ತಿದ್ಲು. ಸಾಹೇಬ ಏನಂದ ಗೊತ್ತೇನು? "ಹೆಣ್ಣಿನ ದನಿಗೆ ರಾತ್ರಿ ಹೊತ್ತು ಸ್ಪಂದನೆ ಕಡಿಮೆ." ಹಿಡದು ಎರಡು ಬಾರಸಬೇಕನಿಸ್ತು ನನಗ. ಈಗಲೂ ಅನಸ್ತದ.

"ಹಾಕಲೇ ಆ ಟೇಪು. ಎಲ್ಲರ ಮುಂದ ಹಾಕು!" ಕೊರಳಪಟ್ಟಿ ಹಿಡದೆ. ಮಿಲ್ಲಿನ ಅಂಗಳದಾಗ, ಹಾಡಹಗಲ... ಹಾಕಿದ.

ಟಕ್... ಕಿರ್ರ್... "ಯಪ್ಪಾ... ನಿಲ್ಲು... ಆ ಕಡಿ ಹೋಗಬ್ಯಾಡ..."

ಆಮ್ಯಾಲ ನೀರು ತೊಟ್ಟಿಕ್ಕೋ ಸಪ್ಪಳ. ಆಮ್ಯಾಲ ಗದ್ದೆಪ್ಪನ ದನಿ, ಏದುಸಿರು ಬಿಡಕೋಂತ...

"ನಿಂತೀನಿ... ನೀ ಅಳಬ್ಯಾಡ."

ಸಾಹೇಬನ ಮಾರಿ ಬಿಳಿಚಿತು. ಆ ಬೊಂಬಿಗೆ ತುಂಬಿದ್ದನ್ನ ಆಡೋದಷ್ಟೇ ಬರ್ತಿತ್ತು. ದನಿ ತುಂಬಿಕೊಳ್ಳೋ ಯಂತ್ರ ಅದರಾಗ ಇರಲೇ ಇಲ್ಲ. ಯಮನಮ್ಮ ಅಳೋದು ನಿಲ್ಲಿಸಿದ್ಲು. ನಾ ಅಲ್ಲೇ ಇದ್ದೆ. ನನ್ನ ಕಿವಿಲೇ ಕೇಳೀನಿ.