ಮಗುವಿನ ರಕ್ತದಲ್ಲಿ ನಿಲ್ಲದ ಮಾತ್ರೆ

ಕಾಲಿನ ಕಟ್ಟು ಬಿಚ್ಚಿಸಲು ಆಸ್ಪತ್ರೆಯ ಬೆಂಚಿನಲ್ಲಿ ಕಾದು ಕಾದು ದರ್ಜಿಯೊಬ್ಬನಿಗೆ ಸಾಕಾಗಿತ್ತು. ಡಾಕ್ಟರ ಕೋಣೆಯಿಂದ ಬಂದ ಅತ್ತೆ ಸೊಸೆ ಪಕ್ಕದಲ್ಲೇ ಕುಸಿದು ಕೂತರು. ಸೊಸೆಯ ಹೆಗಲ ಮೇಲೆ ಜ್ವರದ ಮಗು. ಅತ್ತೆಯೇ ಮೊದಲು ಮಾತು ತೆಗೆದರು.

“ನಂಗೂ ಮಗೂಗೂ ಒಟ್ಟಿಗೇ ಮಲೇರಿಯಾ ಬಂತು. ಅದೇ ಮಾತ್ರೆಗೆ ನಂಗೆ ವಾಸಿಯಾಯ್ತು, ಇದಕ್ಕೆ ಮರುಕಳಿಸ್ತು. ನೀನು ಮಾತ್ರೆ ಕೊಟ್ಟಿಲ್ಲ ಅಂದ್ಕೊಂಡಿದ್ದೆ.”

“ಮೂರು ದಿನವೂ ನುಂಗೋವರೆಗೂ ಬಾಯಿ ನೋಡ್ತಾ ಕೂತಿದ್ದೆ. ಈಗ ಡಾಕ್ಟ್ರು ಏನಂದ್ರು, ನೀವೇ ಹೇಳಿ.”

“ತೂಕ ನೋಡಿ ಕೊಟ್ರೂ ಪುಟ್ಟ ಮಕ್ಕಳ ರಕ್ತದಲ್ಲಿ ಔಷಧಿ ದೊಡ್ಡೋರಷ್ಟು ನಿಲ್ಲಲ್ವಂತೆ, ಅದಕ್ಕೇ ಜ್ವರ ಮತ್ತೆ ಬಂದಿದ್ದಂತೆ.”

“ಅಂದ್ರೆ?”

“ಅಂದ್ರೆ ನಿನ್ನ ತಪ್ಪಲ್ಲ, ಬಿಡು.”

“ಕೊಟ್ಟಿಲ್ಲ ಅಂತ ಬೀದಿಗೆಲ್ಲ ಸಾರಿದ್ರಲ್ಲ ಅತ್ತೆ. ಇದನ್ನೂ ಸಾರ್ತೀರಾ?”

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು.

“ಮಗೂನ ಇಲ್ಲಿ ಕೊಡು. ನಿನ್ನ ಕೈ ಸೋತಿರತ್ತೆ.”

ಸೊಸೆ ಮಗುವನ್ನು ಕೊಡಲಿಲ್ಲ, ಚೀಲ ಕೊಟ್ಟಳು. ಇಬ್ಬರೂ ಔಷಧಿಯ ಕಿಟಕಿಯತ್ತ ನಡೆದರು.