ಎರಡು ಗೇಟು, ಒಂದೇ ಶನಿವಾರ

...ನಗು, ನಗು. ನಾನೂ ನಗ್ತಾ ಇದೀನಲ್ಲ! ಆದ್ರೆ ಆ ಟೀ ಕೆಳಗಿಡು ಖಾನ್ಯಾ, ಬಟ್ಟೆ ಮೇಲೆ ಚೆಲ್ಕೋತೀಯ. "ನಿನ್ನೆ ಏನಾಯ್ತು ದೊಡ್ಡಪ್ಪ?" ಅಂತ ಕೇಳೋಕೆ ಡರ್ಬನ್ನಿನಿಂದ ಇಷ್ಟು ದೂರ ಬಂದಿದೀಯ. ಹೇಳ್ತೀನಿ. ಮೊದಲಿಂದಾನೇ ಹೇಳ್ತೀನಿ. ಅವಸರದಲ್ಲಿ ಹೇಳೋದು ನನಗೆ ಬರೋದಿಲ್ಲ, ನಿನಗೆ ಗೊತ್ತು.

ನೋಡು, ಸರ್ಕಾರದವರು ಎಲ್ಲಾ ಬರೆದಿಟ್ಟಿದಾರೆ. ಹೆಣ್ಣು ಹೆಣ್ಣನ್ನ ಮದುವೆ ಆಗಬಹುದು, ಗಂಡು ಗಂಡನ್ನ ಆಗಬಹುದು. ಕಚೇರಿಗೆ ಹೋಗಿ ಇಬ್ಬರೂ ರುಜು ಹಾಕಿದ್ರೆ ಮುಗೀತು. ಇದೇನು ನಿನ್ನೆ ಮೊನ್ನೆಯ ಕಾನೂನಲ್ಲ, ನೀನು ಎರಡು ಜಡೆ ಹಾಕ್ಕೊಂಡು ಶಾಲೆಗೆ ಹೋಗ್ತಿದ್ದಾಗಲೇ ಬಂತು. ಆದ್ರೆ ಯಾರ ಮನೆಯ ಗಂಡಸರು ಯಾರ ಮನೆಯ ಗೇಟಿನ ಮುಂದೆ ನಿಂತು ಹೆಣ್ಣು ಕೇಳಬೇಕು ಅಂತ ಅದರಲ್ಲಿ ಒಂದು ಸಾಲಾದ್ರೂ ಇದೆಯಾ? ಇಲ್ಲ! ಗಂಡಿನ ಕಡೆಯವರು ಹೋಗಿ ಕೂಗಬೇಕು, ಹೆಣ್ಣಿನ ಕಡೆಯವರು ಒಳಗೆ ಕೂತು ಕಾಯಬೇಕು. ನಮ್ಮಪ್ಪ ಹಾಗೇ ಮಾಡಿದ, ನಾನೂ ಹಾಗೇ ಮಾಡಿದೆ. ಇಲ್ಲಿ ನೋಡಿದ್ರೆ ಎರಡೂ ಹೆಣ್ಣಿನ ಕಡೆ! ನಿನ್ನ ಚಿಕ್ಕಪ್ಪ ಫಕಾಡೆ ಏನಂದ ಗೊತ್ತಾ? "ನಾಣ್ಯ ಹಾರಿಸೋಣ ಅಣ್ಣ" ಅಂದ. ಥೂ ನಿನ್ನ, ಇದೇನು ಫುಟ್ಬಾಲ್ ಆಟವೇನೋ ಅಂದೆ.

ಅದಕ್ಕೇ ನಾನು ತೀರ್ಮಾನ ಮಾಡಿದೆ, ನಾವೇ ಹೋಗೋಣ. ನಿನಗೆ ಮಾತು ಕೊಟ್ಟಿದ್ದೆನಲ್ಲ. "ಕಚೇರಿ ಕಾಗದ ನಾಳೇನೇ ಸಿಗುತ್ತೆ ದೊಡ್ಡಪ್ಪ. ಆದ್ರೆ ಅಪ್ಪ ಇಲ್ಲ. ನೀವು ಹೋಗಿ ಆ ಗೇಟಿನಲ್ಲಿ ನಿಂತು ನನ್ನ ಪರವಾಗಿ ಬಾಯಿಬಿಡೋ ತನಕ ನಾನು ರುಜು ಹಾಕೋದಿಲ್ಲ, ನಾನು ಮದುವೆ ಆಗೋ ಜಿಬುಯಿಲೆನೂ ಹಾಕೋದಿಲ್ಲ" ಅಂದಿದ್ದೆ ನೀನು. ಆ ಹಟ ನಿಮ್ಮಪ್ಪನದೇ. ನಾನು ಹೋಗ್ತೀನಿ ಅಂದೆ. ಹೋದೆ! ಹೋಗಲಿಲ್ವಾ?

ನಿನ್ನೆ ಬೆಳಗಿನ ಜಾವ ಫಕಾಡೆಯ ಪಿಕಪ್ ಗಾಡಿಯಲ್ಲಿ ನಾಲ್ಕು ಜನ ಗಂಡಸರು ಹೊರಟೆವು. ಬಾಯಿ ತೆರೆಸೋ ಬ್ರಾಂದಿ ಬಾಟಲಿ ನನ್ನ ತೊಡೆ ಮೇಲೆ. ನಾನು ಚರ್ಚಿನ ಸಭೆಯ ಹಿರಿಯ, ಜೀವಮಾನದಲ್ಲಿ ಒಂದು ಹನಿ ಮುಟ್ಟಿದವನಲ್ಲ. ಟವೆಲ್ಲಿನಲ್ಲಿ ಸುತ್ತಿ ಹಸುಗೂಸಿನ ಹಾಗೆ ಹಿಡ್ಕೊಂಡಿದ್ದೆ. ಅದನ್ನ ಕೊಡದೆ ಅವರು ನಮ್ಮ ಜೊತೆ ಮಾತೇ ಆಡೋ ಹಾಗಿಲ್ಲವಲ್ಲ. ಗುಂಡಿ ಬಂದಾಗಲೆಲ್ಲ "ಮಗು ಹೇಗಿದೆ ಅಣ್ಣ?" ಅಂತ ಫಕಾಡೆ ಕೇಳೋನು. ಪೋಲಿ!

ಮೆಲ್ಮತ್ ಊರು ದಾಟಿ ಬೆಟ್ಟ ಹತ್ತಿ ಅವರ ಗೇಟಿನ ಮುಂದೆ ನಿಂತೆವು. ಟೋಪಿ ತೆಗೆದು ಅವರ ಕುಲದ ಹೆಸರುಗಳನ್ನ ಒಂದೊಂದಾಗಿ ಕೂಗಿದೆ. "ಜುಂಗು! ಮಂಜಿನಿ! ಗ್ವಬಿನಿ!" ಉತ್ತರ ಇಲ್ಲ. ಅರ್ಧ ಗಂಟೆ ಕಾಯಿಸೋದು ಪದ್ಧತಿ, ಕಾದೆವು. ಒಂದು ಗಂಟೆ ಆಯ್ತು. "ಬಿಗುಮಾನ ಜಾಸ್ತಿ ಇವರಿಗೆ, ಇನ್ನೂ ಜೋರಾಗಿ ಕೂಗಿ" ಅಂದ ಫಕಾಡೆ. ಕೂಗಿದೆ. ಕೊನೆಗೆ ಒಂದು ಮೇಕೆ ಬಂದು ಗೇಟಿನ ಸಂದಿಯಿಂದ ನನ್ನನ್ನೇ ನೋಡ್ತಾ ನಿಂತಿತು. ಅದಕ್ಕೂ ನಮಸ್ಕಾರ ಮಾಡಿಬಿಟ್ಟೆ. ಗಂಭೀರವಾಗಿ ಕೇಳು!

ಆಮೇಲೆ ಬಾಗಿಲು ತೆಗೀತು. ಜಿಬುಯಿಲೆಯ ಅಜ್ಜಿ. ಎರಡು ಕೋಲು ಊರಿಕೊಂಡು ಬಂದು, "ಯಾಕ್ರಪ್ಪಾ ನಮ್ಮ ಮೇಕೆಗಳನ್ನ ಹೆದರಿಸ್ತೀರಾ? ನಮ್ಮ ಮನೆ ಗಂಡಸರೆಲ್ಲ ಬಿಯೇಲಾಗಳ ಗೇಟಿಗೆ ಹೋಗಿದಾರಲ್ರೋ!" ಅಂದ್ರು. ನಾವೇ ಬಿಯೇಲಾಗಳು ತಾಯಿ ಅಂದೆ. ಆ ಮುದುಕಿ ಕೋಲು ಎರಡೂ ಬಿಟ್ಟು ಚಪ್ಪಾಳೆ ತಟ್ಟಿದ್ರು ಕಣೇ! ಬೀಳ್ತಾರೆ ಅಂತ ಓಡಿ ಹೋಗಿ ನಾನೇ ಹಿಡ್ಕೊಂಡೆ.

ಇತ್ತ ನಮ್ಮ ಮನೆಯಲ್ಲಿ? ಏಳು ಜನ ಜುಂಗುಗಳು. "ಬಿಯೇಲಾ! ಮೆಂಜಿವಾ!" ಅಂತ ನಮ್ಮ ಕುಲದ ಹೆಸರು ಹಿಡಿದು ಎರಡು ಗಂಟೆ ಕೂಗಿದಾರೆ. ಗೇಟಿಗೆ ಬಂದವರಿಗೆ ಆ ಅಜ್ಜಿಯಂಥ ಹಿರೀ ಜೀವ ಬಿಟ್ಟು ಬೇರೆ ಹೆಂಗಸು ಉತ್ತರ ಕೊಡೋ ಹಾಗಿಲ್ಲ ಅಂತ ನಿನ್ನ ದೊಡ್ಡಮ್ಮ ಪರದೆ ಹಿಂದೆ ನಿಂತೇ ಇದ್ದಳಂತೆ. ಒಲೆ ಮೇಲಿಟ್ಟ ಗಂಜಿ ತಳ ಹಿಡೀತು. ಒಂದು ಸಲ ಜೋರಾಗಿ ಕೆಮ್ಮಿದಳಂತೆ, ಪಾಪ, ಅಷ್ಟೇ ಅವಳ ಕೈಲಾಗಿದ್ದು.

ಅವರು ಸಿಟ್ಟಾಗಿ ವಾಪಸು ಬಂದ್ರು. ನಾವಿನ್ನೂ ಅಲ್ಲೇ, ಅಜ್ಜಿ ಕೊಟ್ಟ ಹುಳಿ ಅಂಬಲಿ ಕುಡೀತಾ ಕೂತಿದ್ವಿ. "ನಮ್ಮನ್ನ ಕೋತಿ ಮಾಡಿ ಕುಣಿಸಿದ್ರಿ, ಈ ಸಂಬಂಧ ಸಾಕು" ಅಂದ ಜಿಬುಯಿಲೆಯ ಅಪ್ಪ. ಆಗ ಅಜ್ಜಿ ಕೋಲು ಎತ್ತಿದ್ರು ನೋಡು! "ಮುಚ್ಚೋ ಬಾಯಿ. ನೀವು ಬರೋ ತನಕ ತಡೆಯೋಕಾಗದೆ ಅವರೇ ಓಡಿ ಬಂದಿದಾರೆ. ಇಂಥ ಬೀಗರು ಯಾವ ಊರಲ್ಲಿ ಸಿಗ್ತಾರೋ?" ಏಳು ಜನವೂ ತಣ್ಣಗಾದ್ರು. ಬರೋ ಶನಿವಾರ ಅಜ್ಜಿ ಸಮೇತ ಅವರೇ ಇಲ್ಲಿಗೆ ಬರ್ತಾರೆ. ಮುಗೀತಲ್ಲ! ಎಲ್ಲಾ ಒಳ್ಳೇದೇ ಆಯ್ತಲ್ಲ!

ಇನ್ನೊಂದು ಹೇಳ್ಬೇಕು. ಹೊರಡೋವಾಗ ಅಜ್ಜಿ, "ಮೆಂಜಿವಾ, ನೀವು ಸಭೆಯ ಹಿರಿಯರು, ಮಕ್ಕಳಿಬ್ಬರ ಹೆಸರು ಹೇಳಿ ಪ್ರಾರ್ಥನೆ ಮಾಡಿ" ಅಂದ್ರು. ಮಂಡಿಯೂರಿದೆ. ನಿನ್ನ ಹೆಸರು, ಅವಳ ಹೆಸರು, ಒಂದೇ ಉಸಿರಿನಲ್ಲಿ. ನಾಲಿಗೆ ತೊಡರುತ್ತೆ ಅಂದ್ಕೊಂಡಿದ್ದೆ... ತೊಡರಲಿಲ್ಲ ಖಾನ್ಯಾ. ಸಲೀಸಾಗಿ ಬಂತು. ಎಷ್ಟೋ ವರ್ಷದಿಂದ ಹೇಳ್ತಾ ಬಂದ ಹಾಗೆ.

ಯಾಕೆ ನಗು ನಿಲ್ಲಿಸಿದೆ?

ಏನಾಯ್ತು? ಮೇಕೆ ಕಥೆ ಇನ್ನೊಂದು ಸಲ ಹೇಳ್ಲಾ?... ಹಾಗೆ ನೋಡ್ಬೇಡಮ್ಮ. ಇಬ್ಬರೂ ಒಂದೇ ದಿನ ಹೊರಟಿದ್ದು ಕಾಕತಾಳೀಯ. ಯಾರಿಗೆ ತಾನೇ ಗೊತ್ತಿತ್ತು? ಯಾವ ಕಾಗದ? ನನಗೆ ಯಾವ ಕಾಗದವೂ...

ನೀನು ಕಾಗದ ಅನ್ನಲೇ ಇಲ್ಲ. ಅಲ್ವಾ? ನಾನೇ ಅಂದೆ.

ಹ್ಞೂಂ.

ಬಂದಿತ್ತು. ಹನ್ನೊಂದು ದಿನದ ಹಿಂದೆ. ಪದ್ಧತಿ ಪ್ರಕಾರ, ಮುದ್ದಾದ ಅಕ್ಷರದಲ್ಲಿ, ನನ್ನ ಹೆಸರಿಗೇ. "ಮುಂದಿನ ವಾರದ ಶನಿವಾರ ನಿಮ್ಮ ಮಗಳನ್ನು ಕೇಳಲು ಬರುತ್ತಿದ್ದೇವೆ." ಫಕಾಡೆಗೆ ತೋರಿಸಲಿಲ್ಲ. ನಿನ್ನ ದೊಡ್ಡಮ್ಮನಿಗೂ ಹೇಳಲಿಲ್ಲ. ಅದೇ ಶನಿವಾರ ನಾವು ಹೋಗೋಣ ಅಂದೆ. ಅವರು ಖಾಲಿ ಗೇಟು ನೋಡ್ಲಿ, ನಾವೂ ಖಾಲಿ ಗೇಟು ನೋಡೋಣ, ಎರಡೂ ಕಡೆ ಮುಖ ಮುರಿದು ಮಾತು ಅಲ್ಲಿಗೇ ನಿಲ್ಲಲಿ. ನಿನಗೆ "ಹೋಗಿದ್ದೆ ಮಗಳೇ, ಕೂಗಿದ್ದೆ" ಅಂತ ಸುಳ್ಳಿಲ್ಲದೆ ಹೇಳಬಹುದು. ಇಷ್ಟು ವಯಸ್ಸಾದ ಮೇಲೆ ಇಂಥ ಬುದ್ಧಿ!

ದೇವರ ಹೆಸರು ಎತ್ತೋದಿಲ್ಲ. ನಾನು ಹೆದರಿದ್ದು ದೇವರಿಗಲ್ಲ, ಭಾನುವಾರ ನನ್ನ ಬೆನ್ನ ಹಿಂದಿನ ಬೆಂಚಿನಲ್ಲಿ ಕೂರೋರಿಗೆ. ಆ ಅಜ್ಜಿ ನೋಡಿದ್ರೆ... ನಾನು ಮಾಡಿದ ಮೋಸವನ್ನ ಪ್ರೀತಿ ಅಂದ್ಕೊಂಡು ತಟ್ಟೆ ತುಂಬಾ ಊಟ ಬಡಿಸಿದ್ರು. ನಾನು ತಿಂದೆ.

ಏನಾದ್ರೂ ಅನ್ನು. ಬೈಯಿ... ಯಾಕೆ ತಲೆ ಆಡಿಸ್ತೀಯ?

ನಿನಗೆ ಮೊದಲೇ ಗೊತ್ತಿತ್ತು. ಕಾಗದ ಬರೆದದ್ದು ಜಿಬುಯಿಲೆನೇ, ಅಲ್ವಾ? ಅವಳದೇ ಅಕ್ಷರ. ಗೊತ್ತಿದ್ದೂ ಬಂದು ಕೂತೆ, ಗೊತ್ತಿದ್ದೂ ನಕ್ಕೆ.

ಫೋನು ಕೊಡು. ನಿನ್ನದೇ ಕೊಡು, ಅವಳ ನಂಬರು ನನ್ನ ಹತ್ತಿರ ಇಲ್ಲ. ಇಷ್ಟು ದಿನ ಬರ್ಕೊಳ್ಳಲೇ ಇಲ್ಲ. ಅಜ್ಜಿಗೆ ಶನಿವಾರ ಎದುರಿಗೇ ಹೇಳ್ತೀನಿ, ಆ ಕೋಲಿನ ಏಟು ನನ್ನ ಪಾಲಿಗಿರಲಿ. ನಿನ್ನ ದೊಡ್ಡಮ್ಮನಿಗೆ... ಅವಳಿಗೆ ನೀನೇ ಹೇಳಮ್ಮ, ನನ್ನ ಕೈಲಾಗಲ್ಲ. ಹ್ಞಾ! ಈಗ ನಕ್ಕೆ!

ತಡಿ, ರಿಂಗ್ ಆಗ್ತಿದೆ. ಹಲೋ?... ಇಲ್ಲಮ್ಮ, ಖಾನ್ಯಾ ಅಲ್ಲ, ಅವಳು ಇಲ್ಲೇ ಇದಾಳೆ, ಅಳ್ತಾ ನಗ್ತಾ ಇದಾಳೆ. ಜಿಬುಯಿಲೆ... ಮಗಳೇ... ನಾನು, ನಿನ್ನ ದೊಡ್ಡಪ್ಪ ಮಾತಾಡ್ತಾ ಇದೀನಿ.