ಒತ್ತಡ ಇಳಿಯಲಿಲ್ಲ

ದೀಪ ಸಣ್ಣದು ಮಾಡಿ. ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡಿ.

ನನ್ನ ಹೆಂಡತಿಯ ತಮ್ಮ ಕಾರು ರಿಪೇರಿ ಮಾಡುವವನು. ಎಲ್ಲರೂ ಮೇಸ್ತ್ರಿ ಎನ್ನುತ್ತಾರೆ, ಕಟ್ಟಿಕೊಂಡವಳು ಕೂಡ. ಆ ರಾತ್ರಿ ಗ್ಯಾರೇಜಿನ ಶಟರ್ ಎಳೆದು, ಬೀಗ ಜಡಿದು, ಮನೆಯ ಕಡೆ ಹೊರಟ. ನಾಲ್ಕು ಹೆಜ್ಜೆಗೆ ಒಂದು ಹಾಳು ಬಾವಿ. ಕಬ್ಬಿಣದ ಜಾಲರಿ ಮುಚ್ಚಿದ್ದಾರೆ. ಅದನ್ನು ದಾಟುವಾಗ ಬೆನ್ನ ಹಿಂದೆ, ಗ್ಯಾರೇಜಿನ ಕಡೆಯಿಂದ ಕೇಳಿಸಿತು.

ಝೂಂ... ಟಕ್.

ನಿಂತ.

ಬೇರೆಯವರಾಗಿದ್ದರೆ ಯಾವುದೋ ಹುಳ ಎಂದುಕೊಂಡು ಹೋಗುತ್ತಿದ್ದರು. ಮೇಸ್ತ್ರಿಗೆ ಗೊತ್ತು. ಕೆಲವು ಟರ್ಬೊ ಕಾರುಗಳಲ್ಲಿ ಡ್ರೈವರ್ ಬಾಗಿಲು ತೆಗೆದರೆ ಸಾಕು, ಕೀಲಿ ತಿರುಗಿಸುವ ಮುಂಚೆಯೇ ಟ್ಯಾಂಕಿನೊಳಗಿನ ಪಂಪು ಎದ್ದು ಪೈಪಿಗೆ ಪೆಟ್ರೋಲು ತುಂಬಿಡುತ್ತದೆ. ಅದರ ಸದ್ದು ಅದು. ಗ್ಯಾರೇಜಿನೊಳಗೆ ಇದ್ದದ್ದು ಒಂದೇ ಕಾರು. ಅವನ ಅಳಿಯನದು, ಮಗಳ ಗಂಡನದು.

ಯಾರೋ ಬಾಗಿಲು ತೆಗೆದಿದ್ದಾರೆ.

ವಾಪಸು ಬಂದ. ಬೀಗ ಇದ್ದ ಹಾಗೇ ಇತ್ತು. ಶಟರ್ ಕರಕರ ಎಂದು ಮೇಲೆ ಹೋಯಿತು. ದೀಪ ಹಾಕಿದ. ಯಾರೂ ಇಲ್ಲ. ಕಾರಿನ ಬಾಗಿಲೆಲ್ಲ ಮುಚ್ಚಿದೆ. ನೋಡೋಣ ಎಂದು ತಾನೇ ಡ್ರೈವರ್ ಬಾಗಿಲು ತೆಗೆದ... ಪಂಪು ಸುಮ್ಮನಿತ್ತು.

ಹಿಂದಕ್ಕೆ ಸರಿದ. ಪೈಪು ಆಗಷ್ಟೇ ತುಂಬಿದ್ದರೆ ಪಂಪು ಮತ್ತೆ ಕೂಗುವುದಿಲ್ಲ.

ಅಳಿಯನಿಗೆ ಕಾರಿನ ಹುಚ್ಚು. ವೇಗಕ್ಕೆಂದು, ಟರ್ಬೊ ಎಂಜಿನ್ನಿಗೆ ಒತ್ತುವ ಗಾಳಿ ಏರಿಸಿಕೊಂಡಿದ್ದ. ಗಾಳಿ ಏರಿದರೆ ಪೆಟ್ರೋಲೂ ಏರಬೇಕು. ಅಂಥ ಎಂಜಿನ್ನಿನಲ್ಲಿ ಅದು ನೇರ ಸಿಲಿಂಡರಿಗೇ ಚಿಮ್ಮಬೇಕು, ಭಾರೀ ಒತ್ತಡದಲ್ಲಿ. ಕಾರಿನ ಜೊತೆ ಬಂದ ಪಂಪುಗಳಿಗೆ ಅಷ್ಟು ದಮ್ಮಿಲ್ಲ. ಜೋರಾಗಿ ತುಳಿದರೆ ಒತ್ತಡ ಇಳಿಯುತ್ತಿತ್ತು, ಕಾರು ತಾನೇ ಹೆದರಿ ಕುಂಟುತ್ತಿತ್ತು. ಅದಕ್ಕೇ ಗುಜರಿಯಿಂದ ಎರಡು ದೊಡ್ಡ ಪಂಪು ತಂದಿದ್ದ. ಟ್ಯಾಂಕಿನದನ್ನು ಮೇಸ್ತ್ರಿ ಆ ಸಂಜೆಯೇ ಕೂರಿಸಿದ್ದ. ಎಂಜಿನ್ನಿನದು ಬಾಕಿ.

ಬೆಳಿಗ್ಗೆ ಅಳಿಯನಿಗೆ ಹೇಳಿದ. "ಆ ಪಂಪು ಬಿಚ್ಚಿಬಿಡೋಣಪ್ಪ."

"ಯಾಕೆ ಮಾವ? ಸೋರ್ತಿದೆಯಾ?"

"ಇಲ್ಲ. ರಾತ್ರಿ ಯಾರೋ ಕಾರಿನ ಬಾಗಿಲು ತೆಗೆದ್ರು."

"ಬೆಕ್ಕಿರಬೇಕು."

"ಕಾರಿನ ಬಾಗಿಲು ತೆಗೆಯೋ ಬೆಕ್ಕಾ?"

"ಹಾಗಾದ್ರೆ ಲೈಸೆನ್ಸ್ ಇರೋ ಬೆಕ್ಕು ಬಿಡಿ."

ಮಗಳು ಕಿಸಕ್ಕನೆ ನಕ್ಕಳು. "ಅಪ್ಪ, ಗಾಡಿ ಹೊಗೆ ಕುಡಿದು ಕುಡಿದು ನಿನಗೆ ತಲೆ ಕೆಟ್ಟಿದೆ."

ಮೇಸ್ತ್ರಿ ನಗಲಿಲ್ಲ. "ಎಂಥ ಕಾರಿನಿಂದ ಬಿಚ್ಚಿದ್ದು ಅದು?"

"ಎಲ್ಲೋ ಗುದ್ದಿದ್ದು. ಪಂಪಿಗೇನೂ ಆಗಿಲ್ಲ."

"ಓಡಿಸ್ತಿದ್ದವನಿಗೆ?"

ಅಳಿಯ ಉಳಿದ ಪಂಪನ್ನು ಎತ್ತಿ ಮಾವನ ಮುಂದಿಟ್ಟ.

"ಇನ್ನೊಂದು ನಾನು ಹಾಕಲ್ಲ."

"ಬೇಡ ಬಿಡಿ ಮಾವ. ಬೇರೆ ಕಡೆ ಹಾಕಿಸ್ತೀನಿ."

ಅಲ್ಲಿಗೆ ಮೇಸ್ತ್ರಿಯ ಕೈ ಕಟ್ಟಿಹೋಯಿತು. ಆ ಪಂಪಿನ ಪೈಪು ಒಂದು ಎಳೆ ಸಡಿಲವಾದರೂ ಸಾಕು, ಕಾದ ಟರ್ಬೊದ ಮೇಲೆ ಪೆಟ್ರೋಲು ಚಿಮ್ಮಿ ಮಗಳ ಗಂಡ ಸುಟ್ಟುಹೋಗುತ್ತಾನೆ. ಅರೆಬರೆ ಕೆಲಸದವರ ಕೈಗೆ ಕೊಡುವುದಕ್ಕಿಂತ ತಾನೇ ಮಾಡುವುದು ವಾಸಿ. ಮಾಡಿದ. ಚೆನ್ನಾಗಿಯೇ ಮಾಡಿದ. ಕೆಟ್ಟದಾಗಿ ಮಾಡಲು ಅವನಿಗೆ ಬರುವುದಿಲ್ಲ.

ಕತ್ತಲಾಯಿತು. ಪರೀಕ್ಷೆಗೆಂದು ಮೇಸ್ತ್ರಿ ಟ್ಯಾಂಕು ಬಸಿದು, ತಳ ಒದ್ದೆಯಾಗುವಷ್ಟೇ ಪೆಟ್ರೋಲು ಸುರಿದ.

"ನಾನೂ ಬರ್ತೀನಿ."

"ಬೇಡ ಮಾವ. ಪಕ್ಕದಲ್ಲಿ ಕೂತು ದಾರಿ ಉದ್ದಕ್ಕೂ ಬೈತೀರಿ. ಒಂದು ಸುತ್ತು, ಅಷ್ಟೇ."

ಮೇಸ್ತ್ರಿ ಒಳಗೆ ಕೈ ತೊಳೆಯುತ್ತಿದ್ದ. ಝೂಂ... ಟಕ್. ಬಾಗಿಲು ಧಡ್ ಎಂದಿತು.

ಆಮೇಲೆ ಇನ್ನೊಂದು ಬಾಗಿಲು. ಧಡ್.

ಓಡಿ ಬರುವಷ್ಟರಲ್ಲಿ ಹಿಂದಿನ ಕೆಂಪು ದೀಪ ಮಾತ್ರ ಕಂಡಿತು.

ಸ್ವಲ್ಪ ಹೊತ್ತಿಗೆ ಫೋನು ಬಂತು. ಪಿಸುದನಿ.

"ಮಾವ..."

"ಎಲ್ಲಿದ್ದೀಯ?"

"ಗೊತ್ತಾಗ್ತಿಲ್ಲ."

"ನಿಧಾನ ಓಡಿಸು."

ಎಂಜಿನ್ನಿನ ಸದ್ದು. ಬರೀ ಸದ್ದು...

"ನಾನು ಓಡಿಸ್ತಿಲ್ಲ ಮಾವ."

"ಮತ್ತೆ?"

"ನಾನು ಪಕ್ಕದ ಸೀಟಲ್ಲಿದ್ದೀನಿ."

"ಯಾರೋ ಅದು ಓಡಿಸ್ತಿರೋದು?"

"ಆ ಕಡೆ... ಕತ್ತು ತಿರುಗ್ತಿಲ್ಲ."

"ನಿಲ್ಸು ಅನ್ನು!"

"ಅಂದೆ ಮಾವ. ಅಂದಷ್ಟೂ ಜೋರಾಗಿ ತುಳೀತಾನೆ."

ಮೇಸ್ತ್ರಿ ಫೋನನ್ನು ಕಿವಿಗೆ ಒತ್ತಿಕೊಂಡ. ಟರ್ಬೊ ಸೀ... ಎಂದು ಸಿಳ್ಳೆ ಹಾಕುತ್ತಿತ್ತು. ಗೇರು ಬದಲಾದಾಗ ಫುಸ್. ಮತ್ತೆ ಸೀ... ಇನ್ನೂ ಮೇಲೆ. ಹಳೇ ಪಂಪಾಗಿದ್ದರೆ ಇಷ್ಟು ಹೊತ್ತಿಗೆ ಒತ್ತಡ ಇಳಿದು ಕಾರು ಕುಂಟಬೇಕಿತ್ತು. ಎಷ್ಟು ತುಳಿದರೂ ಓಡುತ್ತಿರಲಿಲ್ಲ. ಇಳಿ... ಇಳಿ... ಎಂದು ಬೇಡಿಕೊಂಡ. ಒಂದು ಸಲವಾದರೂ ಮುಗ್ಗರಿಸಲಿ ಎಂದು ಕಾದ. ಎಂಜಿನ್ನು ಬೆಣ್ಣೆಯ ಹಾಗೆ ಓಡುತ್ತಿತ್ತು. ಅವನದೇ ಕೈಕೆಲಸ.

ಮಗಳು ಗ್ಯಾರೇಜಿನ ಬಾಗಿಲಿಗೆ ಬಂದಳು. "ಏನಂತೆ ಅಪ್ಪ?"

ಫೋನಿಗೆ ಕೈ ಅಡ್ಡ ಹಿಡಿದ. "ಬರ್ತಿದ್ದಾನಂತೆ. ನೀನು ಉಂಡು ಮಲಗು."

"ನೀನು ಮನೆಗೆ ಬರಲ್ವಾ?"

"ಕಾರು ಬರ್ಲಿ."

ಇರುವ ಪೆಟ್ರೋಲು ಮುಗಿಯಲೇಬೇಕು. ಅದೊಂದೇ ಆಸೆ ಉಳಿದದ್ದು. ಊರಾಚೆ ಹೋಗಿ ಬರುವುದಕ್ಕೂ ಸಾಲದು. ಕೂತ. ನಿಂತ. ಮತ್ತೆ ಕೂತ. ಮುಗಿಯಲಿಲ್ಲ. ಬೀದಿ ನಿದ್ದೆ ಹೋಯಿತು. ಕಿವಿಯಲ್ಲಿ ಇನ್ನೂ ಸೀ... ಎನ್ನುತ್ತಿತ್ತು.

"ಮಾವ... ಇದ್ದೀರಾ?"

"ಇದ್ದೀನಪ್ಪ."

"ಇಡ್ಬೇಡಿ."

"ಇಡಲ್ಲ."

ಇಡಲಿಲ್ಲ. ಫೋನೇ ಸತ್ತುಹೋಯಿತು.

ಅವನು ಬಂದು ನನ್ನ ಮನೆ ಬಾಗಿಲು ಬಡಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ನನ್ನ ಗಾಡಿಯಲ್ಲಿ ಇಬ್ಬರೂ ಹುಡುಕಿಕೊಂಡು ಹೋದೆವು. ಬಿಸಿಲೇರಿದ ಮೇಲೆ ಸಿಕ್ಕಿತು. ಬಹಳ ದೂರದ ಒಂದು ಬಯಲು. ಕಾರಿಗೆ ಒಂದು ಗೀರೂ ಇಲ್ಲ. ಅಳಿಯ ಪಕ್ಕದ ಸೀಟಿನಲ್ಲಿ ಬೆಲ್ಟು ಹಾಕಿಕೊಂಡು ನೆಟ್ಟಗೆ ಕೂತಿದ್ದ. ಉಸಿರಾಡುತ್ತಿದ್ದ. ಮಾವ ಎಷ್ಟು ಕರೆದರೂ ಓಗೊಡಲಿಲ್ಲ. ಇವತ್ತಿಗೂ ಓಗೊಟ್ಟಿಲ್ಲ. ಮಗಳು ತುತ್ತು ಮಾಡಿ ಬಾಯಿಗಿಟ್ಟರೆ ನುಂಗುತ್ತಾನೆ.

ಯಾರು ಏನಾದರೂ ಅಂದುಕೊಳ್ಳಿ. ನಾನು ಅಲ್ಲೇ ನಿಂತಿದ್ದೆ. ಮೇಸ್ತ್ರಿ ಹಿಂದೆ ಹೋಗಿ ಟ್ಯಾಂಕಿನ ಮುಚ್ಚಳ ತಿರುಗಿಸಿದ. ಪೆಟ್ರೋಲು ಕಂಠಮಟ್ಟ ಇತ್ತು. ತುಳುಕಿ ನನ್ನ ಚಪ್ಪಲಿ ನೆನೆಯಿತು.